ಕೀ ಹೇಳಿದಂತೆ ಬಿಟ್ ಕಲೆಸಿದಾಗ: ನನ್ನ ಅನುಭವ

ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಂದ ಆಳಂದದ ಹುಡುಗ ಕೇಳಿದ: "ಸರ್, ಬಿಟ್ ಯಾವ ಜಾಗಕ್ಕ ಹೋಗಬೇಕು ಅನ್ನೋದನ್ನೂ ಕೀ ಮ್ಯಾಲೇ ಬಿಟ್ರ ಸೈಫರ್ ಇನ್ನೂ ಗಟ್ಟಿ ಆಗ್ತದಲ್ರೀ?" ಸೈಫರ್ ಅಂದರೆ ಸಂದೇಶವನ್ನು ಗುಟ್ಟಾಗಿಸುವ ವಿಧಾನ, ಕೀ ಅಂದರೆ ಅದನ್ನು ನಡೆಸುವ ಗುಟ್ಟಿನ ಸಂಖ್ಯೆ. ಮಾಡಿಯೇ ನೋಡೋಣ ಅಂದೆ.

ಪ್ರೆಸೆಂಟ್ ಎಂಬ ಸೈಫರ್ ಆರಿಸಿಕೊಂಡೆವು. 2007ರದ್ದು. ಒಮ್ಮೆಗೆ 64 ಬಿಟ್‌ಗಳ ತುಂಡು (ಬ್ಲಾಕ್), ಅದರ ಮೇಲೆ 31 ಸುತ್ತು (ರೌಂಡ್). ಪ್ರತಿ ರೌಂಡ್‌ನಲ್ಲೂ 16 ಎಸ್-ಬಾಕ್ಸ್ (4 ಬಿಟ್ ತಗೊಂಡು ಅದರ ಬದಲು ಬೇರೆ 4 ಬಿಟ್ ಕೊಡುವ ಕೋಷ್ಟಕ), ಆಮೇಲೆ ಬಿಟ್‌ಗಳ ಪರ್ಮ್ಯುಟೇಶನ್. ಯಾವ ಬಿಟ್ ಯಾವ ಜಾಗಕ್ಕೆ ಹೋಗಬೇಕು ಅನ್ನುವ ಆ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದು. ಅದರ ಬದಲು ಕೀಯಿಂದ ಹುಟ್ಟುವ ಪಟ್ಟಿ ಹಾಕಿದೆವು. ಇಸ್ಪೀಟ್ ಎಲೆ ಕಲೆಸುವಂಥ ಫಿಶರ್-ಯೇಟ್ಸ್ ವಿಧಾನ ಸಾಕಾಯಿತು. 64 ಬಿಟ್‌ಗಳನ್ನು ಜೋಡಿಸುವ ಬಗೆಗಳು ಸುಮಾರು 2ರ ಘಾತ 296. ಹುಡುಗ ಫುಲ್ ಖುಷಿ.

ಆದರೆ ಈ ದೊಡ್ಡ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಬರೀ ಪರ್ಮ್ಯುಟೇಶನ್ ಇದ್ದರೆ, ನಾವೇ ಆರಿಸಿದ 6 ಬ್ಲಾಕ್‌ಗಳಲ್ಲಿ ಇಡೀ ಪಟ್ಟಿ ಬಯಲಾಗುತ್ತದೆ. ಪ್ರತಿ ಜಾಗದ ನಂಬರನ್ನು 6 ಬಿಟ್‌ನಲ್ಲಿ ಬರೆದು, ಒಂದೊಂದು ಬ್ಲಾಕಿನಲ್ಲಿ ಒಂದೊಂದು ಬಿಟ್ ಕಳಿಸಿದರೆ ಆಯಿತು. ಹೊರಗೆ ಬಂದ ಬಿಟ್ ತಾನು ಎಲ್ಲಿಂದ ಬಂದೆ ಅಂತ ತಾನೇ ಹೇಳುತ್ತದೆ. ಮೇಲಾಗಿ ಒಂದು ಬಿಟ್ ಬದಲಾದರೆ ಹೊರಗೂ ಒಂದೇ ಬಿಟ್ ಬದಲಾಗುತ್ತದೆ. ಮಾಹಿತಿ ಸಿದ್ಧಾಂತ ಕಟ್ಟಿದ ಶ್ಯಾನನ್ 1949ರಲ್ಲಿ ಡಿಫ್ಯೂಶನ್ (ಪ್ರಭಾವ ಹರಡುವುದು) ಜೊತೆ ಕನ್‌ಫ್ಯೂಶನ್ (ಕೀಗೂ ಫಲಿತಾಂಶಕ್ಕೂ ಇರುವ ಸಂಬಂಧ ಮರೆಮಾಡುವುದು) ಅನ್ನೂ ಇಟ್ಟದ್ದು ಸುಮ್ನೆ ಅಲ್ಲ.

ಎಸ್-ಬಾಕ್ಸ್ ಇದ್ದರೂ ಒಂದು ಪೇಚು ಉಳಿಯುತ್ತದೆ. ಮೂಲ ಪ್ರೆಸೆಂಟ್‌ನಲ್ಲಿ ಒಂದು ಎಸ್-ಬಾಕ್ಸ್‌ನ 4 ಬಿಟ್‌ಗಳು ಮುಂದಿನ ರೌಂಡ್‌ನ 4 ಬೇರೆ ಬೇರೆ ಬಾಕ್ಸ್‌ಗೆ ಹೋಗುತ್ತವೆ. ಹಾಗಾಗಿ ಒಂದು ಬಿಟ್‌ನ ಪ್ರಭಾವ 4, 16, 64 ಎಂದು ಬೆಳೆದು ಮೂರೇ ರೌಂಡ್‌ನಲ್ಲಿ ಇಡೀ ಬ್ಲಾಕ್ ಮುಟ್ಟಬಲ್ಲದು. ಮನಸ್ಸಿಗೆ ಬಂದಂತೆ ಕಲೆಸಿದರೆ, ಒಂದು ಬಾಕ್ಸ್‌ನ ನಾಲ್ಕೂ ಬಿಟ್ ಬೇರೆ ಬೇರೆ ಕಡೆ ಹೋಗುವ ಸಾಧ್ಯತೆ ಸುಮಾರು 73%. ಹದಿನಾರೂ ಬಾಕ್ಸ್‌ಗೆ ಒಟ್ಟಿಗೆ ಹಾಗಾಗುವುದು ತೀರಾ ಅಪರೂಪ. ಅಂದರೆ ಕೆಲವು ಕೀಗಳಲ್ಲಿ ಪ್ರಭಾವ ಹರಡುವುದು ನಿಧಾನ. ತನಗೆ ಯಾವುದು ಸಿಕ್ಕಿದೆ ಅಂತ ಬಳಸುವವನಿಗೆ ಗೊತ್ತೇ ಆಗಲ್ಲ.

ಇದನ್ನು 31ನೇ ರೌಂಡ್‌ನಲ್ಲಿ ಅಳೆದರೆ ಏನೂ ಕಾಣುವುದಿಲ್ಲ. ಒಳಗೆ ಒಂದು ಬಿಟ್ ಬದಲಿಸಿದರೆ ಹೆಚ್ಚುಕಡಿಮೆ ಎಲ್ಲ ಕೀಗಳಿಗೂ 64ರಲ್ಲಿ 32ರ ಆಸುಪಾಸು ಬಿಟ್ ಬದಲಾಗಿರುತ್ತವೆ. ನೋಡಬೇಕಾದ್ದು 3, 4, 5ನೇ ರೌಂಡ್. ಅಂತಿಮ ಅವಲಾಂಚ್ ಅಂಕಿ (ಹೀಗೆ ಬದಲಾದ ಬಿಟ್‌ಗಳ ಲೆಕ್ಕ) ತೋರಿಸಿ "ನಮ್ಮ ವಿಧಾನ ಚೆನ್ನಾಗಿದೆ" ಅನ್ನುವ ಪ್ರಾಜೆಕ್ಟ್ ರಿಪೋರ್ಟ್‌ಗಳು ನನ್ನ ಮೇಜಿಗೆ ಜಾಸ್ತಿ ಬರುತ್ತವೆ, ಅವುಗಳಿಗೆ ನಾನು ಮಾರ್ಕ್ಸ್ ಕೊಡುವುದು ಕಡಿಮೆ.

ಕೊನೆಗೆ ಮಾಡಿದ್ದು ಇಷ್ಟು. ಮೂಲ ಪಟ್ಟಿಯನ್ನು ಮುಟ್ಟಲಿಲ್ಲ. ಬಿಟ್‌ಗಳು ಆ ಪಟ್ಟಿಗೆ ಹೋಗುವ ಮೊದಲು, ಪ್ರತಿ ಎಸ್-ಬಾಕ್ಸ್‌ನ 4 ಬಿಟ್‌ಗಳ ಒಳಗಿನ ಕ್ರಮವನ್ನು ಮಾತ್ರ ಕೀಗೆ ಬಿಟ್ಟೆವು. ಬಾಕ್ಸ್‌ಗೆ 24 ಬಗೆ, ಒಟ್ಟು ಸುಮಾರು 2ರ ಘಾತ 73. ಸಂಖ್ಯೆ ಇಳಿಯಿತು, ಆದರೆ ಯಾವ ಕೀ ಹಾಕಿದರೂ ಮೂರು ರೌಂಡ್‌ನ ಹರಡುವಿಕೆ ಹಾಗೇ ಉಳಿಯಿತು.

ಇದಕ್ಕೂ ಬೆಲೆ ಇದೆ. ಚಿಪ್‌ನಲ್ಲಿ ಮೂಲ ಪರ್ಮ್ಯುಟೇಶನ್ ಬರೀ ತಂತಿ, ಗೇಟ್ ಬೇಕಿಲ್ಲ. ನಮ್ಮದಕ್ಕೆ ಮಲ್ಟಿಪ್ಲೆಕ್ಸರ್ (ಹಲವು ತಂತಿಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್) ಬೇಕು. ಕೀಯಿಂದ ಎಸ್-ಬಾಕ್ಸ್ ಕಟ್ಟುವ ಇನ್ನೊಂದು ಸೈಫರ್ ಬ್ಲೋಫಿಶ್‌ನಲ್ಲೂ (1993) ಕೀ ಸಿದ್ಧತೆಗೇ 521 ಸಲ ಎನ್‌ಕ್ರಿಪ್ಟ್ ಮಾಡಬೇಕು.

ಕೋಡ್ ಬರೆಯುವವರಿಗೆ ಒಂದು ಮಾತು: 24 ಬಗೆಗಳಲ್ಲಿ ಒಂದನ್ನು ಆರಿಸಲು, 0–255ರ ಒಂದು ಬೈಟ್‌ನಿಂದ 0–23 ತೆಗೆಯುವಾಗ ನೇರವಾಗಿ 24ರಿಂದ ಭಾಗಿಸಿ ಶೇಷ ತಗೋಬೇಡಿ. 240 ಮತ್ತು ಮೇಲಿನ ಬೈಟ್‌ಗಳನ್ನು ಬಿಟ್ಟು ಮುಂದಿನದನ್ನು ತಗೊಳ್ಳಿ. ಇಲ್ಲದಿದ್ದರೆ 0–15 ಮಾತ್ರ ಜಾಸ್ತಿ ಬೀಳುತ್ತವೆ.