ಶಾಮಿಯಾನ ಬಿಚ್ಚಿದ ಮೇಲೆ: ಸಾವಾದ ಮನೆಯವರ ಜೊತೆ ನಿಲ್ಲುವುದು ಹೇಗೆ

ಸಾವಾದ ದಿನ ಮನೆ ತುಂಬ ಜನ. ಬಾಡಿಗೆ ಕುರ್ಚಿ, ಕಾಫಿ, ಊರಿಂದ ಬಂದ ಕಾರುಗಳು. 11ನೇ ದಿನದ ಕೆಲಸವೋ ವೈಕುಂಠ ಸಮಾರಾಧನೆಯೋ, ಅವರವರ ಪದ್ಧತಿ ಏನಿದೆಯೋ ಅದು ಮುಗಿಯುವವರೆಗೂ ಯಾರಾದರೂ ಓಡಾಡುತ್ತಲೇ ಇರುತ್ತಾರೆ. ಮಾರನೇ ದಿನ ಶಾಮಿಯಾನದವರು ಬಂದು ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿಂದ, ಯಾರಿಗೆ ನಮ್ಮ ಮೇಲೆ ನಿಜಕ್ಕೂ ಜೀವ ಇದೆ ಅಂತ ಗೊತ್ತಾಗುವುದೂ ಆಗಲೇ. ಹಾಗಾಗಿ ನಿಮ್ಮ ರಜೆ, ಶಕ್ತಿಯನ್ನೆಲ್ಲ ಮೊದಲ ಎರಡು ವಾರಕ್ಕೇ ಖರ್ಚು ಮಾಡಬೇಡಿ. ಆಮೇಲಕ್ಕೂ ಉಳಿಸಿಕೊಳ್ಳಿ.

ಮೊದಲ ಸಲ ಹೋದಾಗ ಜಾಸ್ತಿ ಮಾತು ಬೇಡ. ಪಕ್ಕದಲ್ಲಿ ಸುಮ್ನೆ ಕೂತರೆ ಸಾಕು. "ಪುಣ್ಯವಂತರು, ನರಳದೆ ಹೋದರು" ಅನ್ನುವಂಥ ಮಾತಿನಿಂದ ಹೇಳಿದವರಿಗೆ ಸಮಾಧಾನ ಆಗುತ್ತದೆ, ಕೇಳಿದವರಿಗಲ್ಲ. "ಹೇಗಾಯ್ತು?" ಅಂತಲೂ ಕೇಳಬೇಡಿ, ಬಂದವರೆಲ್ಲ ಅದನ್ನೇ ಕೇಳಿರುತ್ತಾರೆ. ಅವರಾಗಿಯೇ ಹೇಳತೊಡಗಿದರೆ ಮಾತ್ರ, ಅದು ನೀವು ಆಗಲೇ ಕೇಳಿದ್ದಾದರೂ, ಪೂರ್ತಿ ಕೇಳಿ. ಅಡುಗೆಮನೆಯಲ್ಲಿ ಒಂದೇ ಸಮನೆ ಲೋಟ ತೊಳೆಯುತ್ತಾ ನಿಂತ ಮಗಳನ್ನು ನೋಡಿ "ಒಂದು ಹನಿ ಕಣ್ಣೀರಿಲ್ಲ, ಎಂಥ ಕಲ್ಲು ಮನಸ್ಸು" ಅನ್ನುವ ಜನ ಇದ್ದೇ ಇರುತ್ತಾರೆ. ದಯವಿಟ್ಟು ಆ ಮಾತಿಗೆ ತಲೆ ಆಡಿಸಬೇಡಿ. ಕೆಲವರು ಅಳುತ್ತಾರೆ, ಕೆಲವರು ಸಿಡುಕುತ್ತಾರೆ, ಇನ್ನು ಕೆಲವರು ಲೋಟ ತೊಳೆಯುತ್ತಾರೆ. ಅವಳ ಪಕ್ಕ ನಿಂತು ತೊಳೆದದ್ದನ್ನು ಒರೆಸಿಡಿ.

"ಏನಾದರೂ ಬೇಕಿದ್ದರೆ ಹೇಳಿ" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಹೊತ್ತಿಗೆ ಏನು ಬೇಕು ಅಂತ ಅವರಿಗೇ ಹೊಳೆಯುವುದಿಲ್ಲ, ಹೊಳೆದರೂ ಸಂಕೋಚ. ನೀವೇ ಕೆಲಸ ಯಾವುದು, ಯಾವ ದಿನ ಅಂತ ಹೇಳಿಬಿಡಿ: "ಗುರುವಾರ ಹತ್ತು ಗಂಟೆಗೆ ಬರ್ತೀನಿ, ಬ್ಯಾಂಕಿಗೆ ಹೋಗೋಣ." ಹೇಳಿದ ಮೇಲೆ ಹೋಗಲೇಬೇಕು.

ಕಾಗದದ ಕೆಲಸಕ್ಕೆ ಜೊತೆಗೆ ಹೋಗುವುದು ದೊಡ್ಡ ಉಪಕಾರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ, ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು. ತಡವಾದರೆ ಶುಲ್ಕ ಬೀಳುತ್ತದೆ, 30 ದಿನ ದಾಟಿದರೆ ಅಧಿಕಾರಿಯ ಅನುಮತಿಗೆ ಅಲೆದಾಟ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯಾ ನೋಡಿ, ಒಂದು ಇನಿಷಿಯಲ್ ವ್ಯತ್ಯಾಸವಾದರೂ ಮುಂದೆ ಎಲ್ಲ ಕಡೆ ತಕರಾರು. ತೀರಿಹೋದವರ ಸಿಮ್ ಅನ್ನು ಆತುರಕ್ಕೆ ನಿಲ್ಲಿಸಬೇಡಿ, ರೀಚಾರ್ಜ್ ಮಾಡಿಸಿ ಇಟ್ಟುಕೊಳ್ಳಲು ಹೇಳಿ. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಬ್ಯಾಂಕಿನ ಮೆಸೇಜ್ ಎಲ್ಲ ಆ ನಂಬರಿಗೇ ಬರುತ್ತಿರುತ್ತವೆ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ–ಜೂನ್ ಹೊತ್ತಿಗೆ 436 ರೂಪಾಯಿ ಕಟ್ ಆಗಿದೆಯಾ ಹುಡುಕಿ. ಆಗಿದ್ದರೆ ಅದು ಬಹುಶಃ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ಕಂತು, ನಾಮಿನಿಗೆ 2 ಲಕ್ಷ ರೂಪಾಯಿ ಬರಬೇಕು. ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ವಿಮೆ ಇದೆ ಅನ್ನುವುದು ಹೆಂಡತಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು ವಿಷಯ. ನೋವಾಗುತ್ತದೆ ಅಂತ ಹೋದವರ ಹೆಸರನ್ನೇ ಎತ್ತದೆ ಇರುತ್ತೇವೆ, ಅಲ್ವಾ? ಎತ್ತಿ. ಅವರು ನಿಮಗೆ ಮಾಡಿದ ಒಂದು ಸಹಾಯ, ಚೌಕಾಸಿ ಮಾಡುತ್ತಿದ್ದ ರೀತಿ, ಕ್ರಿಕೆಟ್ ನೋಡುತ್ತಾ ಟಿವಿಗೆ ಬೈಯುತ್ತಿದ್ದದ್ದು, ಇಂಥದ್ದನ್ನು ಹೇಳಿ. ಕೇಳಿದವರು ಅತ್ತರೆ ಅಳಲಿ. ತಮ್ಮ ಮನುಷ್ಯನನ್ನು ಬೇರೆಯವರೂ ನೆನೆಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗುವುದು ಅವರಿಗೆ ಬೇಕಾಗಿರುತ್ತದೆ.

ಬಹಳ ಮನೆಗಳಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ಅಕ್ಕಪಕ್ಕದಲ್ಲೆಲ್ಲ ತೋರಣ, ಪಟಾಕಿ, ಇವರ ಬಾಗಿಲು ಮಾತ್ರ ಬೋಳು. ಅವತ್ತು ಸಂಜೆ ಹೋಗಿ ಬನ್ನಿ, ದೂರ ಇದ್ದರೆ ಫೋನ್ ಮಾಡಿ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ತಿಂಗಳುಗಳು ಕಳೆದರೂ ಊಟ, ನಿದ್ದೆ ದಾರಿಗೆ ಬಂದಿಲ್ಲ, ಅಥವಾ "ನಾನೂ ಹೋಗಿಬಿಡಬೇಕು" ಅನ್ನುವ ಮಾತು ಬಂತು ಅಂದರೆ "ಹಾಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಿಸಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಟ್ಟು ಎದ್ದು ಬರಬೇಡಿ, ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡಿಕೊಡಿ.