ಡೋರ್ ಪ್ಯಾಡ್ ಬಿಚ್ಚದೆ ಸ್ಪೀಕರ್ ದೋಷ ಹಿಡಿಯುವುದು: ನನ್ನ ಅನುಭವ

ಮುಂಬೈಯ ಯಾವ ಕಾರ್ ಆಡಿಯೊ ಅಂಗಡಿಗೆ ಹೋಗಿ 'ಎಡಗಡೆ ಸ್ಪೀಕರ್ ಸದ್ದು ಮಾಡ್ತಿಲ್ಲ' ಅಂದರೂ ಮೊದಲ ಮಾತು 'ಖೋಲ್ನಾ ಪಡೇಗಾ', ಅಂದರೆ ಬಿಚ್ಚಲೇಬೇಕು. ಹಳೇ ಗಾಡಿಯ ಡೋರ್ ಪ್ಯಾಡ್ (ಬಾಗಿಲ ಒಳಬದಿಯ ಹೊದಿಕೆ) ಎಳೆದರೆ ಮೂರ್ನಾಲ್ಕು ಕ್ಲಿಪ್ ಮುರಿಯುವುದು ಗ್ಯಾರಂಟಿ. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು, ಸರಿಯಾಗಿ ಅಂಟಿಸದೆ ಬಿಟ್ಟರೆ ಮುಂದಿನ ಜೂನ್ ತಿಂಗಳ ಮಳೆ ನೀರು ಸೀದಾ ಕೋನಿನ (ಅಲುಗಿ ಸದ್ದು ಮಾಡುವ ಸ್ಪೀಕರಿನ ಪರದೆ) ಮೇಲೆ. ಅದಕ್ಕೇ ನಾನು ಸ್ಟೀರಿಯೊ ಹೊರಗೆಳೆದು, ಹಿಂದಿನ ಕನೆಕ್ಟರಿನಿಂದಲೇ ನಾಲ್ಕೂ ಸ್ಪೀಕರಿನ ಜಾತಕ ನೋಡುವುದು. ಬೇಕಾದ ಸಾಮಾನು ಮಲ್ಟಿಮೀಟರ್ ಮತ್ತು ಹೊಸ ಪೆನ್ಸಿಲ್ ಸೆಲ್, ಅಷ್ಟೇ. 'ಸೆಲ್ಲಿಂದ ಏನು ಗೊತ್ತಾಗುತ್ತೆ' ಅಂತ ನಕ್ಕವರೇ ಈಗ ಮಳೆಗಾಲದಲ್ಲಿ ತಲೆನೋವಿನ ಗಾಡಿಗಳನ್ನು ನನ್ನ ಕಡೆ ಕಳಿಸುತ್ತಾರೆ.

ಬರೀ ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ನಂಬಿದರೆ ಕೆಲಸ ಕೆಡುತ್ತದೆ. 4 ಓಮಿನ ಸ್ಪೀಕರ್ 3.2ರಿಂದ 3.8 ತೋರಿಸಬೇಕು, ಮೀಟರಿನ ಪ್ರೋಬ್ ತಂತಿಗಳ 0.2 ಕಳೆಯಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಓಮ್ ಅಳೆಯುವಾಗ ಮೀಟರ್ ಹರಿಸುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟ್, ಅದಕ್ಕೆ ಕೋನ್ ಮಿಸುಕುವುದೇ ಇಲ್ಲ. ಟರ್ಮಿನಲ್‌ನಿಂದ ಕೋನಿಗೆ ಹೋಗುವ ಹೆಣೆದ ತಂತಿ ಒಳಗೆ ಕತ್ತರಿಸಿ, ತುದಿಗೆ ತುದಿ ತಾಗಿಕೊಂಡಿದ್ದರೆ ಮೀಟರ್ 3.5 ಅಂತ ಶುದ್ಧ ಸರ್ಟಿಫಿಕೇಟ್ ಕೊಡುತ್ತದೆ. ಹಾಡು ಹಾಕಿ ಕೋನ್ ಅಲುಗಿದ ಕೂಡಲೇ ಸದ್ದು ಮಾಯ. ಹೀಗೆ 'ಸ್ಪೀಕರ್ ಸರಿ ಇದೆ' ಅಂತ ತೀರ್ಮಾನಿಸಿ ಒಳ್ಳೆಯ ಸ್ಟೀರಿಯೊ ಬದಲಾಯಿಸಿಕೊಂಡು ಆರೇಳು ಸಾವಿರ ನೀರಿಗೆ ಹಾಕಿದ ಗಿರಾಕಿಗಳು ಬೇಕಾದಷ್ಟು.

ನನ್ನ ಕ್ರಮ ಹೀಗೆ. ಕನೆಕ್ಟರ್ ಪೂರ್ತಿ ಬಿಚ್ಚಿಡಿ, ಸೆಲ್ಲು ಸ್ಟೀರಿಯೊ ಕಡೆಗೆ ಯಾವತ್ತೂ ತಾಗಬಾರದು. ಮಾರುಕಟ್ಟೆಯಲ್ಲಿ ಸಿಗುವ ಹಾರ್ನೆಸ್ (ಕನೆಕ್ಟರ್ ಸಮೇತ ತಂತಿ ಕಟ್ಟು) ಆದರೆ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೀಟು ಇದ್ದದ್ದು ನೆಗೆಟಿವ್. ಕಂಪನಿ ವೈರಿಂಗಿನಲ್ಲಿ ಈ ಬಣ್ಣಗಳನ್ನು ನಂಬಬೇಡಿ. ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ, ಸೆಲ್ಲು, ಮೀಟರು, ಸ್ಪೀಕರು ಮೂರನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ನಂತರ ಒಂದು ಸಾಲಾಗಿ, ಮುಟ್ಟಿಸಿ. 'ಟಕ್' ಅನ್ನಬೇಕು, ಅಂಕಿ 0.33ರಿಂದ 0.38 ಆಂಪಿಯರ್ ಆಸುಪಾಸು ನಿಲ್ಲಬೇಕು. 0.25ಕ್ಕೆ ಇಳಿದರೆ ದಾರಿಯಲ್ಲಿ ಎಲ್ಲೋ ಹೆಚ್ಚುಕಡಿಮೆ 2 ಓಮ್ ಕೂತಿದೆ: ಹಸಿರು ಹಿಡಿದ ಟರ್ಮಿನಲ್ ಅಥವಾ ಸುತ್ತಿ ಟೇಪ್ ಹಾಕಿದ ಜಾಯಿಂಟ್. 0.6 ದಾಟಿದರೆ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ಅರ್ಧ ಶಾರ್ಟ್, ಇಲ್ಲವೇ ಯಾರೋ ಎರಡು ಸ್ಪೀಕರ್ ಪ್ಯಾರಲಲ್ ಹಾಕಿದ್ದಾರೆ. ಅಂಕಿ ಕುಣಿಯುತ್ತಿದ್ದರೆ ಆ ಹೆಣೆದ ತಂತಿಯೇ ಕಳ್ಳ. ಕೆಲವು ಗಾಡಿಗಳಲ್ಲಿ ಕಂಪನಿ ಸ್ಪೀಕರೇ 2 ಓಮಿನದು, ಆದ್ದರಿಂದ ಎಡ ಬಲ ತಾಳೆ ನೋಡದೆ ತೀರ್ಪು ಕೊಡಬೇಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸೆಲ್ಲು ಇಳಿದು ಅಂಕಿ ಸುಳ್ಳಾಗುತ್ತದೆ. 9 ವೋಲ್ಟ್ ಬ್ಯಾಟರಿ ಬಳಸುವವರಿದ್ದಾರೆ, ಸಣ್ಣ ಕೋನಿಗೆ ಅದು ಒದೆತ.

ಇನ್ನು ಡೋರ್ ಆಟ. ಸೆಲ್ಲು ಹಿಡಿದಿರುವಾಗಲೇ ಸಹಾಯಕನಿಗೆ ಡೋರ್ ನಿಧಾನ ತೆಗೆದು ಮುಚ್ಚಲು ಹೇಳಿ. ಅರ್ಧ ತೆರೆದಾಗ ಅಂಕಿ ಸೊನ್ನೆಗೆ ಬಿದ್ದರೆ ಸ್ಪೀಕರ್ ಮುಟ್ಟುವ ಕೆಲಸವೇ ಇಲ್ಲ, ಪಿಲ್ಲರ್ ಮತ್ತು ಡೋರ್ ನಡುವಿನ ರಬ್ಬರ್ ಬೂಟಿನೊಳಗೆ (ತಂತಿ ಹಾಯುವ ಕೊಳವೆ) ತಂತಿ ತುಂಡಾಗಿದೆ. ದಿನಕ್ಕೆ ಎಷ್ಟೋ ಸಲ ತೆರೆದು ಮುಚ್ಚುವ ಡ್ರೈವರ್ ಡೋರಿನಲ್ಲಿ ಇದು ಹೆಚ್ಚು. ಆಮೇಲೆ ಗ್ಲಾಸ್ ಪೂರ್ತಿ ಇಳಿಸಿ ಮತ್ತೊಮ್ಮೆ ನೋಡಿ. ಮೂರನೆಯ ಪರೀಕ್ಷೆ ಒಂದಿದೆ, ಅದನ್ನು ಬರೆಯುವುದಿಲ್ಲ, ನಮ್ಮ ಹೊಟ್ಟೆಪಾಡಿಗೂ ಏನಾದರೂ ಉಳಿಯಲಿ.

ನಾಲ್ಕೂ ಸ್ಪೀಕರ್ ಒಟ್ಟಿಗೆ ಸತ್ತರೆ ಸ್ಪೀಕರ್ ಕೆಟ್ಟಿರುವುದು ಅಪರೂಪ. ಪ್ರತಿ ತಂತಿಯಿಂದ ಗಾಡಿಯ ಲೋಹದ ಮೈಗೆ ಓಮ್ ನೋಡಿ, ಸಂಪರ್ಕವೇ ಕಾಣಬಾರದು. ಸ್ಟೀರಿಯೊದ ಬ್ರಿಜ್ ಔಟ್‌ಪುಟ್‌ನಲ್ಲಿ ಎರಡೂ ತಂತಿಯ ಮೇಲೆ ಸುಮಾರು 6 ವೋಲ್ಟ್ ಇರುತ್ತದೆ. ಸ್ಕ್ರೂ ಚುಚ್ಚಿ ಒಂದು ತಂತಿ ಲೋಹದ ಮೈಗೆ ತಗುಲಿದರೂ ಸ್ಟೀರಿಯೊದ ಆಂಪ್ಲಿಫೈಯರ್ ಐಸಿ (ಚಿಪ್) ತನ್ನನ್ನು ಉಳಿಸಿಕೊಳ್ಳಲು ಪೂರ್ತಿ ಮೌನವಾಗುತ್ತದೆ. ಸ್ಟೀರಿಯೊ ಆನ್ ಇದ್ದು ವಾಲ್ಯೂಮ್ ಸೊನ್ನೆಯಲ್ಲಿರುವಾಗ ಒಂದು ಜೋಡಿಯ ಎರಡು ತಂತಿಗಳ ಮಧ್ಯೆ ಅರ್ಧ ವೋಲ್ಟ್ ಡಿಸಿ ಕಂಡರೆ ದೋಷ ಸ್ಟೀರಿಯೊದ್ದು. ಹೊಸ ಸ್ಪೀಕರ್ ಹಾಕಿದರೂ ಉಪಯೋಗವಿಲ್ಲ.

ಸೆಲ್ಲಿಗೆ ಸಿಗದ ಕಾಯಿಲೆ ಕಾಯಿಲ್ ಉಜ್ಜುವುದು. ಅದಕ್ಕೆ ಫೋನಿನ ಟೋನ್ ಆ್ಯಪ್‌ನಿಂದ 40ರಿಂದ 80 ಹರ್ಟ್ಜ್, ಕಡಿಮೆ ವಾಲ್ಯೂಮಿನಲ್ಲಿ. ಕರಕರ ಅಂದಾಗ ಅಂಗೈಯಿಂದ ಪ್ಯಾಡ್ ಗಟ್ಟಿ ಒತ್ತಿ. ನಿಂತರೆ ಸಡಿಲ ಕ್ಲಿಪ್ಪು, ನಿಲ್ಲದಿದ್ದರೆ ಹೆಚ್ಚಾಗಿ ಕಾಯಿಲು. ಇಲ್ಲಿ ಮಾತ್ರ 'ಖೋಲ್ನಾ ಪಡೇಗಾ' ನಿಜ. ಮಳೆ ನೀರು ಕುಡಿದು ಉಬ್ಬಿದ ಪೇಪರ್ ಕೋನ್ ಒಣಗಿಸಿದರೂ ಮತ್ತೆ ನೆಟ್ಟಗಾಗುವುದು ಕಡಿಮೆ.

ಕುತೂಹಲಕ್ಕೆ ಬಿಸಿಲಿನಲ್ಲೂ ಅಳೆದು ನೋಡಿದ್ದೇನೆ. ತಾಮ್ರ 10 ಡಿಗ್ರಿಗೆ ಸುಮಾರು 4 ಶೇಕಡಾ ಏರುತ್ತದೆ, ಹಾಗಾಗಿ ಬೆಳಿಗ್ಗೆ 3.4 ಇದ್ದದ್ದು ಮೇ ತಿಂಗಳ ಮಧ್ಯಾಹ್ನ 3.8ರ ಹತ್ತಿರ ಹೋಗುತ್ತದೆ, ಅದು ದೋಷವಲ್ಲ. ಹರಿದ ಕೋನಿಗೆ ಟಿಶ್ಯೂ ಪೇಪರ್ ಮತ್ತು ಪಂಕ್ಚರ್ ಸೊಲ್ಯೂಷನ್ ಹಚ್ಚಿದ್ದು ಚೆನ್ನಾಗಿ ನಿಂತಿದೆ. ಹೆಣೆದ ತಂತಿಯ ಬದಲು ಸೋಲ್ಡರ್ ಹೀರುವ ತಾಮ್ರದ ಜಡೆ ಹಾಕಿದ್ದು ಮಾತ್ರ ಕೈಕೊಟ್ಟಿತು. ಬೆಸುಗೆ ಜಡೆಯೊಳಗೆ ಹೀರಿಕೊಂಡು ಬಿರುಸಾಗಿ, ಅಲ್ಲೇ ತುಂಡಾಗುತ್ತದೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿ ಅಸಲಿ ತಂತಿಯನ್ನೇ ತನ್ನಿ.

ದುಡ್ಡಿನ ಲೆಕ್ಕ ಅಂದಾಜಿಗೆ: ಬೂಟಿನ ತಂತಿ ಜೋಡಿಸಿ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕವಚ) ಹಾಕಲು ನಾನು ತೆಗೆದುಕೊಳ್ಳುವುದು ಮುನ್ನೂರು, ನಾನೂರು. ಅದೇ ಗಾಡಿಗೆ ಎರಡು ಪ್ಯಾಡ್ ಬಿಚ್ಚಿ ಹೊಸ ಜೋಡಿ ಸ್ಪೀಕರ್ ಕೂರಿಸಿದರೆ ಎರಡೂವರೆ ಸಾವಿರಕ್ಕೆ ಕಡಿಮೆ ಇಲ್ಲ.

ಟ್ವೀಟರ್ (ತೆಳು ಸ್ವರದ ಸಣ್ಣ ಸ್ಪೀಕರ್) ಬೇರೆ ಇರುವ ಗಾಡಿಯಲ್ಲಿ ಅದರ ಸಾಲಿನಲ್ಲಿ ಕೆಪಾಸಿಟರ್ ಇರುವುದರಿಂದ ಸೆಲ್ಲಿನ ಡಿಸಿ ಕರೆಂಟ್ ಹರಿಯುತ್ತಲೇ ಇರುವುದಿಲ್ಲ. ಸೆಲ್ಲಿನ ತಂತಿಯನ್ನು ಪಿನ್ನಿನ ಮೇಲೆ ಗೀಚಿದರೆ ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಹತ್ತಿರ ಸಣ್ಣಗೆ ಚರಚರ ಕೇಳಬೇಕು. ಸೀಟಿನ ಕೆಳಗೆ ಕಂಪನಿಯ ಆಂಪ್ಲಿಫೈಯರ್ ಇದ್ದರೆ ಈ ಇಡೀ ಪರೀಕ್ಷೆಯನ್ನು ಆಂಪ್ಲಿಫೈಯರಿನ ಔಟ್‌ಪುಟ್ ಪ್ಲಗ್‌ನಲ್ಲಿ ಮಾಡಿ, ಡ್ಯಾಶ್‌ಬೋರ್ಡಿನ ಕಡೆಯಿಂದ ಏನೂ ಸಿಗದು.