ವಾಕಿಂಗ್‌ಗೆ ಜೊತೆ ಬೇಕು ಅನ್ನೋದು ಇದಕ್ಕೇ

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನನ್ನನ್ನು ಜಾಸ್ತಿ ಕಾಡಿದ್ದು ನೋವಲ್ಲ, ಹೆದರಿಕೆ. ಎರಡು ಮೆಟ್ಟಿಲು ಹತ್ತಿ ಎದೆ ಸ್ವಲ್ಪ ಜೋರಾಗಿ ಬಡಿದರೂ ಮತ್ತೆ ಬಂತೇನೋ ಅನ್ನಿಸುತ್ತಿತ್ತು. ನೀರಿನ ತಂಬಿಗೆ ಎತ್ತಲು ಹೋದರೆ "ನೀವು ಕುಂದರ್ರಿ, ನಾ ತರ್ತೀನಿ" ಅಂತ ಹೆಂಡತಿ ಓಡಿ ಬರುತ್ತಿದ್ದಳು. ಪ್ರೀತಿಯೇ ಅದು. ಆದರೆ ದಿನವಿಡೀ ಕೂತವನಿಗೆ ತಾನು ಯಾವುದಕ್ಕೂ ಬಾರದವನು ಅನ್ನಿಸಿಬಿಡುತ್ತದೆ, ಅಲ್ವಾ?

ಡಾಕ್ಟರು ಪರೀಕ್ಷೆ ಮಾಡಿ ನಡೆಯಲು ಹೇಳಿದರು. ಮೊದಲು ಪಡಸಾಲೆಯಲ್ಲಿ, ಆಮೇಲೆ ಓಣಿಯ ತುದಿವರೆಗೆ, ಆಮೇಲೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಅನ್ನೋ ಮರಗಳ ಬಯಲು. ಬೆಳಿಗ್ಗೆ ಆ ಮರಗಳ ಕೆಳಗೆ ಅರ್ಧ ಬೆಳಗಾವಿಯೇ ಸೇರಿರುತ್ತದೆ.

ಎಷ್ಟು ಜೋರಾಗಿ ನಡೆಯಬೇಕು? ನಾನು ತಗೊಳ್ಳುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ, ಹಾಗಾಗಿ ವಾಚಿನ ಅಂಕಿ ನಂಬುವಂತಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದ ಲೆಕ್ಕ ಸುಲಭ: ಮಾತಾಡಲು ಉಸಿರು ಸಾಲಬೇಕು, ಹಾಡಲು ಸಾಲಬಾರದು. ಮಾತಾಡಬೇಕು ಅಂದರೆ ಜೊತೆಗೆ ಯಾರಾದರೂ ಬೇಕಲ್ಲ! ಹಾಗೆ ಸಿಕ್ಕವರು ಒಬ್ಬ ನಿವೃತ್ತ ಮಾಸ್ತರರು. ಬೈಪಾಸ್ ಆದವರು. ಮನೆಗೆ ಬಂದವರೆಲ್ಲ ದನಿ ತಗ್ಗಿಸಿ "ಹುಷಾರಪಾ" ಅನ್ನುತ್ತಿದ್ದರೆ, ಇವರು ಕ್ರಿಕೆಟ್ಟು, ಪೆನ್ಶನ್ನು, ಕುಂದಾ ಮಿಠಾಯಿಯ ರೇಟು ಅಂತ ಶುರು ಮಾಡುತ್ತಿದ್ದರು. ಒಮ್ಮೆ ನಾನು ಎದೆ ಮೇಲೆ ಕೈ ಇಟ್ಟುಕೊಂಡದ್ದು ಕಂಡು ನಕ್ಕರು. "ನಂದೂ ಹಿಂಗ ಆಗ್ತಿತ್ತ್ರಿ. ನಡದ್ರ ಬಡೀತದ, ನಿಂತ್ರ ಇಳೀತದ. ನೋಡ್ರಿ ಬೇಕಾದ್ರ."

ನೋಡಿದೆ. ಏರುತ್ತಿತ್ತು, ನಿಧಾನ ಮಾಡಿದರೆ ಇಳಿಯುತ್ತಿತ್ತು. ದಿನಾ ಇದನ್ನೇ ಕಂಡು ಕಂಡು ಮೈಗೆ ಧೈರ್ಯ ಬಂತು. ಯಾರು ಎಷ್ಟು ಸಮಾಧಾನ ಹೇಳಿದರೂ ಆಗದ್ದು ಇದು.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ನಡಿಗೆ ಅದಕ್ಕೆ ಒಳ್ಳೆಯದೇ. ಆದರೆ ಎರಡು ವಾರವಾದರೂ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಸುಮ್ನೆ ನಡೆಯುತ್ತಾ ಕೂರಬೇಡಿ, ಡಾಕ್ಟರಿಗೆ ಹೇಳಿ.

ಶುರುವಿನ 5–10 ನಿಮಿಷ, ಕೊನೆಯ 5–10 ನಿಮಿಷ ನಿಧಾನ ನಡಿಗೆ. ಗಕ್ಕನೆ ನಿಂತರೆ ತಲೆ ತಿರುಗಬಹುದು. ಎದೆ ಹಿಡಿದಂತಾದರೆ ಅಲ್ಲೇ ಕೂರಬೇಕು. ಡಾಕ್ಟರು ಬರೆದುಕೊಟ್ಟ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಜೇಬಿನಲ್ಲೇ ಇರಲಿ.

ಈಗ ಹಾಲು, ಕಾಯಿಪಲ್ಲೆ ತರುವುದು ನನ್ನ ಪಾಲಿನ ಕೆಲಸ. ಹೆಂಡತಿಯೇ ಚೀಲ ಕೊಟ್ಟು ಕಳಿಸುತ್ತಾಳೆ. ಇಲ್ಲಿನ ಮಳೆಗಾಲ ಗೊತ್ತಲ್ಲ, ಆಗ ಮಾಸ್ತರರು ನಮ್ಮ ಮನೆಗೇ ಬರುತ್ತಾರೆ. ಪಡಸಾಲೆಯಲ್ಲಿ ಇಬ್ಬರೂ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತೇವೆ, ಚಹಾ ಆಗುವವರೆಗೆ.